ಮೂವತ್ತೊಂದನೆಯ ಪೆಟ್ಟು

ಗಂಟೆಯ ಹಗ್ಗ ಮಂಜಿಗೆ ಒದ್ದೆಯಾಗಿತ್ತು. ಘಾಟಿಯ ನೆತ್ತಿಯ ಪುಟ್ಟ ಇಗರ್ಜಿಯಲ್ಲಿ ಆ ಹಗ್ಗ ಹಿಡಿದು ನಿಲ್ಲುವುದು ಹನ್ನೆರಡು ವರ್ಷಗಳಿಂದ ನನ್ನ ಕೆಲಸ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ನಮ್ಮೂರಿನ ಸೈಕಲ್ ಓಟವನ್ನು ಶುರುಮಾಡಿದವರು ಇಟಲಿಯಿಂದ ಬಂದಿದ್ದ ಪಾದ್ರಿಯೊಬ್ಬರು. ಅವರ ಸೀಮೆಯಲ್ಲಿ ಅಂಥದೊಂದು ಹಳೆಯ ಓಟವಿತ್ತಂತೆ. ಬೆಟ್ಟದ ಮೇಲಿನ ಇಗರ್ಜಿಯಲ್ಲಿ ಸವಾರರಿಗಾಗಿ ಗಂಟೆ ಬಾರಿಸುತ್ತಿದ್ದರಂತೆ, ಗೆದ್ದವರ ಸೈಕಲನ್ನು ಗೋಡೆಗೆ ತೂಗುಹಾಕುತ್ತಿದ್ದರಂತೆ. ಪಾದ್ರಿ ತೀರಿಹೋದರೂ ಪದ್ಧತಿ ಉಳಿಯಿತು. ನೆತ್ತಿ ದಾಟಿದ ಪ್ರತಿಯೊಬ್ಬನಿಗೂ ಒಂದೊಂದು ಪೆಟ್ಟು. ಕೆಳಗೆ ಪೇಟೆಯಲ್ಲಿ ಜನ ಬೆರಳು ಮಡಚಿ ಎಣಿಸುತ್ತಿದ್ದರು. ಅರ್ಧದಲ್ಲಿ ಬಿಟ್ಟವನಿಗೆ ವರ್ಷವಿಡೀ ಗೇಲಿ.

ಎರಡು ವರ್ಷ ಆ ಗೇಲಿಯಲ್ಲಿ ಬೆಂದವನು ನನ್ನ ಗೆಳೆಯ, ಬೇಕರಿಯ ಬೊನಿಫಾಸ.

"ಈ ಸಲ ದಾಟದೆ ಬಿಡುದಿಲ್ಲ ಮಾರಾಯ," ಎಂದಿದ್ದ. "ಮಗಳು ಕೆಳಗೆ ನಿಂತು ಎಣಿಸ್ತಾಳೆ."

ಹೊರಟವರು ಮೂವತ್ತೊಂದು ಮಂದಿ. ಮೂವತ್ತು ಮಂದಿ ದಾಟಿ, ಸುತ್ತಿ ಊರಿಗೆ ಮರಳಲು ಆಚೆ ಇಳಿಜಾರಿಗಿಳಿದರು. ಬೊನಿಫಾಸನ ಸುಳಿವಿಲ್ಲ. ಬಹಳ ಹೊತ್ತು ಕಾದೆ. ಎಲ್ಲೋ ತಿರುವಿನಲ್ಲಿ ಕೂತು ಏದುಸಿರು ಬಿಡುತ್ತಿರಬೇಕು, ಸೈಕಲ್ ತಳ್ಳಿಕೊಂಡಾದರೂ ಬಂದೇ ಬರುತ್ತಾನೆ ಎಂದುಕೊಂಡೆ. ಮಗುವಿನ ಮುಖ ನೆನಪಾಯಿತು. ಹಗ್ಗ ಎಳೆದುಬಿಟ್ಟೆ. ಕೆಳಗೆ ಪಟಾಕಿ ಸಿಡಿಯಿತು, ನನಗೂ ಖುಷಿಯಾಯಿತು. ಬಾಗಿಲು ಹಾಕಿ ಕಾಲುದಾರಿಯಲ್ಲಿ ಊರಿಗಿಳಿದೆ.

ಸಂಜೆಯಾದರೂ ಅವನು ಬರಲಿಲ್ಲ. ಅವನ ಹೆಂಡತಿ ರೆಜಿನಾ ಎಲ್ಲರೆದುರು ನನ್ನನ್ನು ಕೇಳಿದಳು:

"ದಾಟುವಾಗ ಹೇಗಿದ್ರು? ತುಂಬ ಸುಸ್ತಾಗಿದ್ರಾ?"

ನಿಜ ಹೇಳಿದರೆ ಹಗ್ಗ ನನ್ನ ಕೈತಪ್ಪುತ್ತಿತ್ತು, ಊರು ಉಗಿಯುತ್ತಿತ್ತು. "ಚೆನ್ನಾಗೇ ಇದ್ದ," ಎಂದೆ. ಆ ಮಾತಿಗಾಗಿ ನನ್ನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ದಾಟಿದ್ದಾನೆಂದ ಮೇಲೆ ಹುಡುಕಾಟವೆಲ್ಲ ಆಚೆಯ ಇಳಿಜಾರಿನಲ್ಲೇ ನಡೆಯಿತು. ಹುಡುಕುವವರ ಜೊತೆ ನಾನೂ ಹೆಸರು ಹಿಡಿದು ಕೂಗುತ್ತ ಅಲೆದೆ. ಅಂಥ ಹೇಡಿ ನಾನು. ಬೆಳಕು ಹರಿದಾಗ ಮಾತ್ರ, ತಡೆಯಲಾರದೆ, ರೆಜಿನಾಳ ಮುಂದೆ ಬಾಯಿಬಿಟ್ಟೆ. ಅವಳು ಈಚೆಯ ಏರಿನತ್ತ ಓಡಿದಳು, ಹಿಂದೆಯೇ ನಾನೂ ಓಡಿದೆ.

ನೆತ್ತಿಗೆ ಎರಡೇ ತಿರುವು ಬಾಕಿ ಇರುವಲ್ಲಿ, ರಸ್ತೆಯ ಕೆಳಗಿನ ಕೊರಕಲಿನಲ್ಲಿ ಅವನಿದ್ದ. ಚಕ್ರದ ಟ್ಯೂಬು ಬಿಚ್ಚಿ, ಮುರಿದ ಕಾಲಿಗೆ ತಾನೇ ಬಿಗಿದುಕೊಂಡಿದ್ದ. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

ರೆಜಿನಾ ತಲೆಯೆತ್ತಿ ಮೇಲಿನ ಇಗರ್ಜಿಯನ್ನು ನೋಡಿದಳು.

"ಇಲ್ಲಿಗೆ ಗಂಟೆ ಕೇಳ್ತದಾ?"

"ಕೇಳ್ತದೆ," ಎಂದೆ.

"ಹಾಗಾದ್ರೆ ಅವರೂ ಎಣಿಸಿರ್ತಾರೆ, ಮೂವತ್ತೊಂದೂ."

ಆಮೇಲೆ ಅವಳು ನೆಲಕ್ಕೆ ಕೂತು, ಅವನ ಕಾಲಿನ ಟ್ಯೂಬನ್ನು ಹಲ್ಲಿನಿಂದ ಕಚ್ಚಿ ಬಿಡಿಸತೊಡಗಿದಳು.