ಹನ್ನೆರಡು ತಂಬಾಕಿನ ಸಸಿಗಳು

ಖಾನಾಪುರದಲ್ಲಿ ಉಳವಪ್ಪನ ಹಿತ್ತಲಿನ ತಂಬಾಕಿಗೆ ದೊಡ್ಡ ಹೆಸರಿತ್ತು. ಮಾರಲಿಕ್ಕೆ ಬೆಳೆದದ್ದಲ್ಲ. ಮನೆಯ ಹಿಂದಿನ ಎರಡು ಗುಂಟೆಯಲ್ಲಿ ಇನ್ನೂರು ಗಿಡ, ಅಷ್ಟೇ. ತನ್ನ ಬಾಯಿಗೆ ವರ್ಷಕ್ಕಾಗುವಷ್ಟು ಇಟ್ಟುಕೊಂಡು, ಉಳಿದದ್ದನ್ನು ಬಂದವರ ಅಂಗೈಗೆ ಹಾಕಿ, "ಹೆಂಗೈತಿ?" ಎಂದು ಅವರ ಮುಖ ನೋಡುವುದೇ ಅವನಿಗೆ ಸುಖ. ಬೆಳಗಾದರೆ ಹಿತ್ತಲಿನ ಮೂಡಣ ಮೂಲೆಯ ಕಲ್ಲಿನ ಮೇಲೆ ಕೂತು, ಒಣಗಿದ ತಂಬಾಕಿನ ಎಲೆಗೆ ಸುಣ್ಣ ಸೇರಿಸಿ ಹೆಬ್ಬೆರಳಿನಿಂದ ತಿಕ್ಕಿ, ಬಾಯಿಗಿಟ್ಟು, ಅದೇ ಕೈಯಿಂದ ಗಿಡದ ಆರೈಕೆಗೆ ಏಳುತ್ತಿದ್ದ.

ಆ ಹಿತ್ತಲಿಗೊಂದು ಕಟ್ಟಳೆಯಿತ್ತು. ಹೊರಗಾದ ಹೆಂಗಸಿನ ನೆರಳು ತಂಬಾಕಿನ ಮೇಲೆ ಬಿದ್ದರೆ ಎಲೆ ಮುರುಟುತ್ತದೆ. ಆದ್ದರಿಂದ ಆ ದಿನಗಳಲ್ಲಿ ಮನೆಯ ಹೆಂಗಸರು ಪಡುವಣ ಬೇಲಿಗೆ ಹತ್ತಿದ ಹುಲ್ಲಿನ ಜೋಪಡಿಯಲ್ಲಿ ನಾಲ್ಕು ದಿನ ಕೂರಬೇಕು. ಉಳವಪ್ಪನ ಹೆಂಡತಿ ಶಿವಲಿಂಗವ್ವ ಮದುವೆಯಾಗಿ ಬಂದಾಗಿನಿಂದ ಕೂತವಳು. ಸೊಸೆ ಗಂಗಾದೇವಿ ಮೂರು ವರ್ಷದಿಂದ ಕೂರುತ್ತಿದ್ದಳು. ಬೆಳಗಾವಿಯ ಖಾಸಬಾಗದಲ್ಲಿ ಹುಟ್ಟಿ ಮೆಟ್ರಿಕ್ ಮುಗಿಸಿದ ಹುಡುಗಿಗೆ ಅದು ಎಷ್ಟು ಕಷ್ಟವೆಂಬುದನ್ನು ಯಾರೂ ಕೇಳಲಿಲ್ಲ. ಗಂಡ ಸಿದರಾಯ ಹಂಚಿನ ಕಾರ್ಖಾನೆಯ ಕೆಲಸಗಾರ. ತಂದೆಯ ಮುಂದೆ ತುಟಿ ಬಿಚ್ಚುವವನಲ್ಲ.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಗಂಗಾದೇವಿಯ ನಾದಿನಿ ಕಾಶವ್ವ ದೊಡ್ಡವಳಾದಳು. ವಯಸ್ಸು ಹದಿಮೂರು, ಸಾಲೆಯಲ್ಲಿ ಎಂಟನೆಯ ಇಯತ್ತೆ. ಅಪ್ಪನ ಬೆನ್ನಿಗಿದ್ದು ಗಿಡದ ಹುಳ ಆರಿಸಿ ಬೆಳೆದ ಹುಡುಗಿ ಈಗ ಬೇಲಿಯಾಚೆ ಕೂರಬೇಕಾಯಿತು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಜೋಪಡಿ ಸೋರುತ್ತಿತ್ತು. ಎರಡನೆಯ ಸಲ ಹೊರಗಾದಾಗ, ನಾಲ್ಕನೆಯ ದಿನ ಬೆಳಿಗ್ಗೆ ಗಂಗಾದೇವಿ ರೊಟ್ಟಿ ಕೊಡಲು ಹೋದರೆ ಹುಡುಗಿಯ ಮೈ ಕೆಂಡದಂತೆ ಸುಡುತ್ತಿತ್ತು.

"ವೈನೀ, ಚಾಪಿ ಪೂರಾ ತೊಯ್ದೈತಿ," ಎಂದಳು ಕಾಶವ್ವ, ಹಲ್ಲು ಕಟಕಟಿಸುತ್ತ.

ಜ್ವರ ಇಳಿಯಲು ಹನ್ನೆರಡು ದಿನ ಹಿಡಿಯಿತು. ಹುಡುಗಿ ಎದ್ದು ಕೂರುವ ಹೊತ್ತಿಗೆ ಇತ್ತ ತಂಬಾಕಿಗೂ ರೋಗ ಬಂದಿತ್ತು. ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆ, ಅಲ್ಲಲ್ಲಿ ಉಬ್ಬು, ಅಂಚು ಮುರುಟಿಕೊಂಡಿತ್ತು.

"ಮುಗೀತು!" ಎಂದು ಉಳವಪ್ಪ ತಲೆಯ ಮೇಲೆ ಕೈಹೊತ್ತ. "ಹುಡುಗಿ ಬೇಲಿಮ್ಯಾಲಿಂದ ಹಣಿಕಿ ನೋಡ್ಯಾಳ. ಇನ್ನ ಸಾಲಿ ಸಾಕು. ಹಿತ್ತಲ ದಾರೀಲೆ ಸಾಲಿಗಿ ಹೋಗೂದು, ಬರೂದು, ಎಲ್ಲಾ ಬಂದ್."

ಮಾತು ಅಲ್ಲಿಗೆ ನಿಲ್ಲಲಿಲ್ಲ. ಸಾಂಬ್ರಾದ ತಮ್ಮಣ್ಣ ತನ್ನ ಇಪ್ಪತ್ತಾರು ವರ್ಷದ ಮಗನಿಗೆ ಹೆಣ್ಣು ಹುಡುಕುತ್ತಿದ್ದ. ದೊಡ್ಡವಳಾದ ಹೆಣ್ಣು ಮನೆಯಲ್ಲಿದ್ದಷ್ಟು ದಿನ ಬೆಳೆ ಉಳಿಯುವುದಿಲ್ಲ ಎಂದುಕೊಂಡು ಉಳವಪ್ಪ ಅವನಿಗೆ ಹೇಳಿಕಳಿಸಿದ. ಹೆಣ್ಣು ನೋಡಲು ಬರುವ ದಿನವೂ ನಿಕ್ಕಿಯಾಯಿತು: ಚೌತಿ ಕಳೆದು ಮೂರನೆಯ ಸೋಮವಾರ.

ಗಂಗಾದೇವಿ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಕೈತೊಳೆಯಲು ಹಿತ್ತಲ ಬಾಗಿಲಿಗೆ ಬಂದವಳು ಗಿಡಗಳತ್ತ ಸುಮ್ಮನೆ ನೋಡುತ್ತ ನಿಂತಳು. ನೋಡುತ್ತ ನೋಡುತ್ತ ಅವಳು ಮಚ್ಚೆ ಬಿದ್ದ ಗಿಡಗಳನ್ನು ಎಣಿಸತೊಡಗಿದಳು. ಜೋಪಡಿ ಇದ್ದದ್ದು ಪಡುವಣಕ್ಕೆ. ಅದಕ್ಕೆ ಹತ್ತಿರದ ಮೂರು ಸಾಲು ಕಪ್ಪುಹಸಿರಾಗಿ ನಳನಳಿಸುತ್ತಿದ್ದವು! ಮಚ್ಚೆ ಬಿದ್ದದ್ದೆಲ್ಲ ಮೂಡಣದಲ್ಲಿ, ಮಾವ ಕೂರುವ ಕಲ್ಲಿನಿಂದ ಶುರುವಾಗಿ, ಅವನು ನಡೆದು ಕೆಲಸ ಮಾಡಿದ ಸಾಲುಗಳಲ್ಲಿ, ಒಂದರ ಹಿಂದೊಂದು.

ನೆರಳಿನಿಂದ ಬಂದಿದ್ದರೆ ಮೊದಲು ಬೇಲಿಯ ಬದಿಯ ಗಿಡಕ್ಕೆ ಬರಬೇಕಿತ್ತಲ್ಲ?

ಚೌತಿಗೆ ತವರಿಗೆ ಹೋಗುವಾಗ ಅವಳು ರೋಗದ ಎರಡು ಎಲೆಗಳನ್ನು ರೊಟ್ಟಿಯ ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡಳು. ಖಾಸಬಾಗದ ಓಣಿಯಲ್ಲಿ ಅವರ ಮನೆಯ ಬಾಜುವೇ ಸನಾಉಲ್ಲಾ ಕಾಕಾನ ಮನೆ. ಕಾಕಾ ಕೃಷಿ ಇಲಾಖೆಯಲ್ಲಿ ಊರೂರು ಸೈಕಲ್ ತುಳಿದು ತಲೆ ನರೆತವನು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿದ್ದೇ ಅವನೆಂದ:

"ನಂಜು ರೋಗ. ಇದು ಹುಳದಿಂದಲ್ಲ, ಗಾಳಿಯಿಂದಲ್ಲ ಬೇಟಿ. ಕೈಯಿಂದ ಹಬ್ಬತೈತಿ. ನಿಮ್ಮ ಮಾವ ತಂಬಾಕ ತಿಂತಾರೇನು?"

"ತಿಂತಾರ್ರಿ ಕಾಕಾ, ದಿನಾ ಹತ್ತು ಸಲ. ಮನೀದ ಎಲಿ."

"ಮತ್ತ? ಹೋದ ವರ್ಷದ ಒಣಾ ಎಲಿಯೊಳಗೂ ಆ ನಂಜು ಜೀವಂತ ಇರತೈತಿ. ತಿಕ್ಕಿದ ಕೈಲೆ ಸಸಿ ಮುಟ್ಟಿದ್ರ ಸಸಿಗಿ ಹತ್ತತೈತಿ, ಅಲ್ಲಿಂದ ಬಾಜೂದಕ್ಕ. ಸಬಕಾರ ಹಚ್ಚಿ ಕೈ ತೊಳೀಬೇಕು. ಹಾಲಿನಾಗ ಕೈ ಅದ್ದಿ ಮುಟ್ಟಿದ್ರ ಇನ್ನೂ ಚಲೋ. ರೋಗದ ಗಿಡಾ ಕಿತ್ತು ಸುಡಬೇಕು. ಆ ಚಟಾ ಬಿಟ್ರ ಅವರ ಬಾಯಿಗೂ ಚಲೋ, ಅದು ಬ್ಯಾರೇ ಮಾತು."

"ಹೆಣ್ಣಮಕ್ಕಳ ನೆರಳಿನಿಂದ?"

ಕಾಕಾ ನಗಲಿಲ್ಲ. "ನಲವತ್ತು ಹಳ್ಳಿ ತಿರುಗೀನಿ. ನೆರಳಿಗಿ ಸತ್ತ ಗಿಡಾ ಒಂದೂ ನೋಡಿಲ್ಲ. ನೆರಳಿನ ಮಾತಿಗಿ ನರಳಿದ ಹೆಣ್ಣಮಕ್ಕಳನ್ನ ಭಾಳ ನೋಡೀನಿ."

ಖಾನಾಪುರದ ಬಸ್ಸಿನಲ್ಲಿ ಗಂಗಾದೇವಿ ಸೀಟಿನಲ್ಲಿ ಕೂರಲಾರದೆ ಕೂತಿದ್ದಳು. ದೇಸೂರು ದಾಟುವುದರೊಳಗೆ ಹೇಳಬೇಕಾದ ಮಾತನ್ನೆಲ್ಲ ನಾಲ್ಕು ಸಲ ತನಗೆ ತಾನೇ ಹೇಳಿಕೊಂಡಿದ್ದಳು. ಮನೆಗೆ ಬಂದವಳೇ ಸೆರಗು ಸರಿಮಾಡಿಕೊಂಡು ಮಾವನ ಮುಂದೆ ನಿಂತಳು. ಹೇಳಿದ್ದನ್ನು ಕೇಳಿ ಉಳವಪ್ಪನ ಮೀಸೆ ಕುಣಿಯಿತು.

"ಮೂವತ್ತು ವರ್ಷ ತಂಬಾಕ ಬೆಳದೀನಿ. ನನ್ನ ಕೈಯಾಗ ರೋಗ ಐತೇನು? ನಿನಗ ಇದನ್ನ ಕಲಿಸಿದವರು ಯಾರು?"

"ನೋಡೇ ಬಿಡೂಣ್ರಿ ಮಾವಾರ. ಸಸಿಮಡಿಯಾಗ ಇನ್ನೂ ಸಸಿ ಅದಾವ. ಆರು ಕಾಶವ್ವ ನೆಡ್ಲಿ, ಆರು ನೀವು ನೆಡ್ರಿ. ಆಕಿ ಹೊರಗಾದ ದಿನಾನ ನೆಡ್ಲಿ."

ಒಳಗಿನಿಂದ ಶಿವಲಿಂಗವ್ವ ಹಜಾರದ ಬಾಗಿಲಿಗೆ ಬಂದಳು.

"ಮೈಲಿಗಿ!" ಎಂದು ಉಳವಪ್ಪ ಗುಡುಗಿದ.

"ಕೊರಳಾಗ ಲಿಂಗ ಕಟ್ಟಿಕೊಂಡವರಿಗಿ ಮೈಲಿಗಿ ಎಲ್ಲಿಂದ ಬಂತ್ರಿ? ಮುಟ್ಟಿನ ಸೂತಕ ಇಲ್ಲಂತ ಬಸವಣ್ಣನವರು ಹೇಳಿದ್ದು ಬರೇ ಮಠದಾಗ ಕೇಳಿ ಬರಾಕೇನು? ಸಸಿ ಮುರುಟಿದ್ರ ನಾನು ಒಂದ ಮಾತೂ ಆಡೂದಿಲ್ಲ. ಮುರುಟಲಿಲ್ಲಂದ್ರ ಕಾಶವ್ವನ್ನ ಸಾಲಿಗಿ ಕಳಸ್ರಿ. ಲಗ್ನದ ಮಾತು ಬಿಡ್ರಿ. ಹದಿನೆಂಟು ತುಂಬದ ಲಗ್ನಾ ಮಾಡಬಾರದಂತ ಕಾಯ್ದಾನೂ ಆಗೈತಿ."

ಉಳವಪ್ಪ ಸೊಸೆಯನ್ನು ಕೆಕ್ಕರಿಸಿ ನೋಡಿದ. ಆದರೆ ಗೆಲುವು ತನ್ನದೇ ಎಂಬ ಜಂಬ ಅವನಿಗಿತ್ತು. "ಆತು," ಎಂದ. "ನಿನ್ನ ಸೊಕ್ಕೂ ಇಳೀಲಿ."

ಎರಡೇ ದಿನಕ್ಕೆ ಕಾಶವ್ವ ಹೊರಗಾದಳು. ಹುಡುಗಿಯ ಕಣ್ಣುಗಳು ಮಿಂಚುತ್ತಿದ್ದವು. ಉಪಾಯವನ್ನೂ ಅವಳೇ ಹೂಡಿದಳು. "ವೈನೀ, ಬ್ಯಾರೆ ಬ್ಯಾರೆ ಕಡೆ ನೆಟ್ರ ಅಪ್ಪ ನೆಲದ ಮ್ಯಾಲೆ ತಪ್ಪ ಹಾಕತಾನ. ಒಂದ ಸಾಲಿನಾಗ ನೆಡೂಣು. ಒಂದು ನಂದು, ಒಂದು ಅಪ್ಪಂದು. ನನ್ನವಕ್ಕ ಬಿಳಿ ದಾರ ಕಟ್ಟೂಣು."

ಕಾಶವ್ವ ಸಬಕಾರದಿಂದ ಮೊಣಕೈವರೆಗೂ ತೊಳೆದುಕೊಂಡದ್ದಾಯಿತು. ಹಾಲು? ಹಾಲಿನ ಗಡಿಗೆ ಇದ್ದದ್ದು ಅತ್ತೆಯ ಸುಪರ್ದಿನಲ್ಲಿ. ಗಂಗಾದೇವಿ ಹಿಂದಕ್ಕೆ ತಿರುಗಿದರೆ ಶಿವಲಿಂಗವ್ವ ಬಟ್ಟಲು ಹಿಡಿದು ನಿಂತೇ ಇದ್ದಳು. ಗಂಡನ ಕಡೆ ನೋಡಲಿಲ್ಲ. ಹೊರಗಾದ ಮಗಳ ಎರಡೂ ಕೈಗಳನ್ನು ತಾನೇ ಹಿಡಿದು ಹಾಲಿನಲ್ಲಿ ಅದ್ದಿದಳು.

"ನೆಡ ಮಗಳ," ಎಂದಳು. "ನನಗ ಈ ಬುದ್ಧಿ ಹೇಳಾಕ ಯಾರೂ ಇರಲಿಲ್ಲ."

ಉಳವಪ್ಪ ಬೇಕೆಂದೇ ಎಲ್ಲರಿಗೂ ಕಾಣುವಂತೆ ಎಲೆ ತಿಕ್ಕಿ ಬಾಯಿಗಿಟ್ಟು, ಕೈ ಕೊಡವಿ ತನ್ನ ಆರು ಸಸಿ ನೆಟ್ಟ.

ಆಮೇಲಿನ ದಿನಗಳನ್ನು ಆ ಮನೆಯವರು ಮರೆಯುವಂತಿರಲಿಲ್ಲ. ಅವರವರ ಸಸಿಗೆ ಅವರವರೇ ನೀರು. ಮುಂಜಾನೆ ಎದ್ದವರೆಲ್ಲ ಮುಖ ತೊಳೆಯುವ ಮೊದಲೇ ಹಿತ್ತಲಿಗೆ ಓಡುವರು. ಎಂದೂ ಮಾತಾಡದ ಸಿದರಾಯ ಕೂಡ ಕಾರ್ಖಾನೆಯಿಂದ ಬಂದವನೇ, "ಏನಾತು?" ಎನ್ನತೊಡಗಿದ. ಐದನೆಯ ದಿನ ಏನೂ ಇಲ್ಲ. ಏಳನೆಯ ದಿನವೂ ಇಲ್ಲ. "ನನ್ನ ಕೈಯಾಗ ರೋಗ ಇಲ್ಲಂತ ನಾ ಹೇಳಲಿಲ್ಲೇನು?" ಎಂದು ಉಳವಪ್ಪ ನಕ್ಕಾಗ ಗಂಗಾದೇವಿ ಬಾಗಿ ಹನ್ನೆರಡೂ ಸಸಿಗಳನ್ನು ಮತ್ತೊಮ್ಮೆ ನೋಡಿದಳು.

ಒಂಬತ್ತನೆಯ ದಿನ ಕಾಶವ್ವ ಹಿತ್ತಲಿನಿಂದ ಕೂಗಿದ ಕೂಗು ಓಣಿಯ ತುದಿಗೂ ಕೇಳಿಸಿತು.

"ವೈನೀ! ಅವ್ವಾ! ಬರ್ರೀ ಲಗೂ!"

ದಾರವಿಲ್ಲದ ಎರಡನೆಯ ಸಸಿಯ ಎಳೆಯ ಎಲೆಯಲ್ಲಿ ತಿಳಿಹಸಿರು ಮಚ್ಚೆ. ನಾಲ್ಕನೆಯದರಲ್ಲೂ ಅದೇ. ಹನ್ನೆರಡನೆಯ ದಿನದ ಹೊತ್ತಿಗೆ ಉಳವಪ್ಪನ ಆರರಲ್ಲಿ ಐದಕ್ಕೆ ರೋಗ. ಬಿಳಿ ದಾರದ ಆರೂ ಬಿಸಿಲಿಗೆ ಎಲೆ ಬಿಚ್ಚಿಕೊಂಡು ಸೊಗಸಾಗಿ ನಿಂತಿದ್ದವು. ಗಂಗಾದೇವಿ ಮತ್ತು ಕಾಶವ್ವ ಕೈಕೈ ಹಿಡಿದು ಗರಗರ ತಿರುಗಿದರು. ಶಿವಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಉಳವಪ್ಪ ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಎಲೆ ತಿರುವಿ ನೋಡಿದ. ಎದ್ದು ಹೋಗುವಾಗ ಅಂದದ್ದು ಇಷ್ಟೇ: "ಸಾಂಬ್ರಾದವರಿಗಿ ಮಾತು ಕೊಟ್ಟೇನಿ. ಸೋಮವಾರ ಬರತಾರ. ಕೊಟ್ಟ ಮಾತು ತಪ್ಪಾಕ ಆಗೂದಿಲ್ಲ."

ಗೆದ್ದೆವೆಂದುಕೊಂಡವರ ಮುಖ ಒಮ್ಮೆಲೇ ಇಳಿಯಿತು. ಸೋಮವಾರ ತಮ್ಮಣ್ಣ ಮತ್ತಿಬ್ಬರು ಹಿರಿಯರು ಬಂದರು. ಚಹಾ, ಅವಲಕ್ಕಿ ಆಯಿತು. "ಹುಡುಗೀನ ಕರೀರಿ," ಎಂದ ತಮ್ಮಣ್ಣ. ಸೀರೆ ಉಡಿಸಲು ಗಂಗಾದೇವಿ ಒಪ್ಪಿರಲಿಲ್ಲ. ಕಾಶವ್ವ ಸಾಲೆಯ ಅಂಗಿಯಲ್ಲೇ ಒಳಗೆ ಕೂತಿದ್ದಳು. ಬಾಗಿಲಿಗೆ ಬಂದವಳು ಶಿವಲಿಂಗವ್ವ. ಗಂಡಸರ ಮುಂದೆ ದನಿಯೆತ್ತಿ ಅವಳು ಮಾತಾಡಿದ್ದು ಅದೇ ಮೊದಲು.

"ಸಿಟ್ಟಾಗಬ್ಯಾಡ್ರಿ ತಮ್ಮಣ್ಣಾರ. ನನ್ನ ಮಗಳು ಹದಿಮೂರು ವರ್ಷದಾಕಿ. ಸಾಲಿ ಕಲೀಬೇಕು. ಈಗ ಕೊಡೂದಿಲ್ಲ."

ತಮ್ಮಣ್ಣ ಉಳವಪ್ಪನತ್ತ ತಿರುಗಿದ. "ಏನ್ರೀ ಇದು? ನಿಮ್ಮ ಮನ್ಯಾಗ ಹೆಂಗಸರ ಮಾತು ನಡೀತೈತೇನು?"

ಗಂಗಾದೇವಿ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಉಳವಪ್ಪ ಚಹಾದ ಕಪ್ಪು ಕೆಳಗಿಟ್ಟ. ಹೆಂಡತಿಯನ್ನೂ ಸೊಸೆಯನ್ನೂ ನೋಡಿದ. ಆಮೇಲೆ ತಮ್ಮಣ್ಣನತ್ತ ತಿರುಗಿದ.

"ಖರೇ ಇದ್ದದ್ದ ಹೇಳತೇನ್ರಿ. ತಂಬಾಕಕ್ಕ ರೋಗ ಹಚ್ಚಿದಾವ ನಾನು. ತಪ್ಪ ಮಗಳ ತಲೀಮ್ಯಾಲೆ ಹಾಕಿದ್ದೆ. ಆಕಿ ಸಾಯೂಹಂಗ ಆಗಿದ್ಲು. ಅದು ತಿಳದ ಮ್ಯಾಲೂ ಆಕೀನ ಲಗ್ನಾ ಮಾಡಿ ದಾಟಿಸಿಬಿಟ್ರ ನಾನು ಅಪ್ಪ ಅಲ್ಲ. ನನ್ನನ್ನ ಮಾತಿಗಿ ತಪ್ಪಿದಾವ ಅನ್ರಿ, ಪರವಾ ಇಲ್ಲ."

ಬಂದವರು ಗೊಣಗುತ್ತ ಎದ್ದುಹೋದರು. ಹುಡುಗಿ ಒಳಗಿನಿಂದ ಓಡಿಬಂದು ವೈನಿಯ ಕೊರಳಿಗೆ ಜೋತುಬಿದ್ದಳು. ಸಿದರಾಯ ಮರುದಿನ ತಾನೇ ತಂಗಿಯನ್ನು ಸಾಲೆಗೆ ಬಿಟ್ಟುಬಂದ.

ಓಣಿಯ ನಳದ ಕಟ್ಟೆಯಲ್ಲಿ ಈ ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಆ ವಾರವಿಡೀ ಹೆಂಗಸರು ಒಬ್ಬೊಬ್ಬರಾಗಿ ಗಂಗಾದೇವಿಯನ್ನು ಹುಡುಕಿಕೊಂಡು ಬಂದರು. ಒಬ್ಬಳ ಮನೆಯಲ್ಲಿ ಮೆಣಸಿನ ಗಿಡ ಬಾಡಿದ್ದಕ್ಕೆ ಸೊಸೆಗೆ ಬೈಗುಳ, ಇನ್ನೊಬ್ಬಳ ಮನೆಯಲ್ಲಿ ವೀಳ್ಯದೆಲೆ ಕೊಳೆತದ್ದಕ್ಕೆ ಮಗಳಿಗೆ ಪೆಟ್ಟು. ಎಲ್ಲರದೂ ಒಂದೇ ಕಥೆ. ಅವರಲ್ಲಿ ಹಿರಿಯಳು ನೆರೆಮನೆಯ ಭರಮವ್ವ. ವಾರದ ಕೊನೆಗೆ ಒಂದು ಸಂಜೆ, ಎಲ್ಲರೂ ನಳದ ಕಟ್ಟೆಯಲ್ಲಿ ಸೇರಿದ್ದಾಗ, ಅವಳು ತುಂಬಿದ ಕೊಡವನ್ನು ಟೊಂಕಕ್ಕೇರಿಸಿ ಎದ್ದಳು.

"ನನ್ನ ಸೊಸಿ ಇವತ್ತ ಹೊರಗಾಗ್ಯಾಳ," ಎಂದಳು ಎಲ್ಲರಿಗೂ ಕೇಳುವಂತೆ. "ಹೋಗಿ ಒಳಗ ಕರಕೊಳ್ಳತೇನಿ. ಯಾರು ಏನ ಅಂತಾರೋ ಅನ್ಲಿ. ಬರ್ರಿ, ನೀವೂ ನೋಡ್ರಿ."

ಅವಳ ಹಿಂದೆ ಏಳು ಮಂದಿ ಹೆಂಗಸರು ನಡೆದರು.