ಚೀಲದೊಳಗೆ ಕಾದ ಲ್ಯಾಪ್‌ಟಾಪ್

ಹೊನ್ನಾವರದಲ್ಲಿ ಮಾನ ಹೋಗಿ ಎರಡು ದಿನವಾದರೂ ಪ್ರಿಯಂವದಾಳ ಸಿಟ್ಟು ಇಳಿದಿರಲಿಲ್ಲ. ಇಳಿಯುವಂಥ ಸಿಟ್ಟೂ ಅದಲ್ಲ. ಕುಮಟಾದ ಕಂಪ್ಯೂಟರ್ ಕ್ಲಾಸಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವಳು ಅವಳು. ಮೌಸ್ ಹಿಡಿಯಲು ಹೆದರುತ್ತಿದ್ದ ಅದೆಷ್ಟೋ ಜನ ಅವಳ ಕೈಯಲ್ಲಿ ಪಳಗಿ ಇವತ್ತು ಬ್ಯಾಂಕು, ಕಚೇರಿಗಳಲ್ಲಿ ಕುರ್ಚಿ ಹಿಡಿದಿದ್ದಾರೆ. ಅಂಥವಳು ಸಭೆ ತುಂಬ ಹೆಂಗಸರ ಮುಂದೆ ಸತ್ತ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆವರು ಒರೆಸಿಕೊಳ್ಳುತ್ತ ನಿಂತಿದ್ದಳು ಎಂದರೆ ಸಿಟ್ಟು ಬಾರದೆ ಮತ್ತೇನು ಬರಬೇಕು?

ಕೆಲಸ ಹೊಸದು. ಊರೂರಿನ ಮಹಿಳಾ ಸಂಘಗಳಿಗೆ ಹೋಗಿ, ಹಪ್ಪಳ, ಉಪ್ಪಿನಕಾಯಿ, ಸಾರಿನ ಹುಳಿಗೆ ಹಾಕುವ ಮುರುಗಲು ಸಿಪ್ಪೆಗಳನ್ನು ಮೊಬೈಲಿನಲ್ಲೇ ಮಾರುವುದು ಹೇಗೆಂದು ಕಲಿಸಬೇಕು. ಕೆಲಸ ಕೊಟ್ಟ ಸಂಸ್ಥೆಯವರಿಗೆ ಕರಾವಳಿಯ ಮಳೆಗಾಲ ಗೊತ್ತು. ಒಂದು ಗುಡುಗಿಗೆ ಕರೆಂಟು ಹೋಗುತ್ತದೆ, ಬರುವುದು ದೇವರಿಗೇ ಪ್ರೀತಿ. ಅದಕ್ಕೇ ಅವರು ಬ್ಯಾಟರಿಯ ಮೇಲೆ ಓಡುವ ಪುಟ್ಟ ಪ್ರೊಜೆಕ್ಟರ್ ಇಟ್ಟುಕೊಂಡಿದ್ದಾರೆ. ಕಲಿಸಲು ಬರುವವರು ಲ್ಯಾಪ್‌ಟಾಪನ್ನು ಪೂರ್ತಿ ಚಾರ್ಜ್ ಮಾಡಿ ತಂದರಾಯಿತು.

ಪ್ರಿಯಂವದಾ ಪೂರ್ತಿ ಚಾರ್ಜ್ ಮಾಡಿಯೇ ಒಯ್ದಿದ್ದಳು. ಹಿಂದಿನ ಸಂಜೆ ನೂರಕ್ಕೆ ನೂರು ತೋರಿಸಿದ ಮೇಲೆ ಮಡಚಿ, ಚೀಲಕ್ಕೆ ಹಾಕಿ, ಜಿಪ್ ಎಳೆದಿದ್ದಳು. ಬೆಳಿಗ್ಗೆ ಹೊನ್ನಾವರದಲ್ಲಿ ಚೀಲ ಬಿಚ್ಚಿದರೆ ಲ್ಯಾಪ್‌ಟಾಪು ದೋಸೆಯ ಕಾವಲಿಯ ಹಾಗೆ ಕಾದಿತ್ತು. ಬ್ಯಾಟರಿ ತಳ ಕಂಡಿತ್ತು. ಸ್ವಾಗತ ಹೇಳಿ ಮುಗಿಸುವುದರೊಳಗೆ ಪರದೆ ಕಪ್ಪಾಯಿತು. ಕರೆಂಟಂತೂ ಮೊದಲೇ ಇರಲಿಲ್ಲ. ಸಂಸ್ಥೆಯ ಮೇಲ್ವಿಚಾರಕ ನಾಗಭೂಷಣ ಸಭೆಯ ಮುಂದೆಯೇ, "ಮೇಡಂ, ಚಾರ್ಜ್ ಮಾಡ್ಕಂಡು ಬನ್ನಿ ಅಂತ ಹೇಳಿದ್ದೆ ಅಲ್ವಾ?" ಎಂದುಬಿಟ್ಟ. ಮುಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ನಕ್ಕರು. ಹೊರಡುವಾಗ ಅವನು ಇನ್ನೊಂದು ಮಾತು ಸೇರಿಸಿದ. "ಸೋಮವಾರ ಭಟ್ಕಳದಲ್ಲಿ ಇದೆ. ಅಷ್ಟರೊಳಗೆ ಯಜಮಾನ್ರ ಹತ್ರ ಮಷೀನ್ ಸರಿ ಮಾಡಿಸ್ಕಳಿ. ಇಲ್ಲಾಂದ್ರೆ ಕಲಿಸೂಕೆ ನಮ್ಮಲ್ಲಿರೋ ಇನ್ನೊಬ್ರು, ಶ್ರೀಧರ ಅವರನ್ನ ಕಳಿಸ್ತೇನೆ, ಆಮೇಲೆ ಎಲ್ಲ ಕಡೆಗೂ ಅವ್ರೇ ಹೋಗ್ಲಿ."

ಯಜಮಾನರ ಹತ್ತಿರವಂತೆ! ಯಜಮಾನ ಕೃಷ್ಣಾನಂದ ಸಹಕಾರಿ ಸಂಘವೊಂದರ ಗುಮಾಸ್ತ. ಕಂಪ್ಯೂಟರ್ ಒಳಗೆ ಏನಿದೆ ಎಂಬುದು ಅವನಿಗೆ ಗೊತ್ತಿಲ್ಲ. ಆದರೆ ಗೊತ್ತಿಲ್ಲ ಎಂಬುದೂ ಅವನಿಗೆ ಗೊತ್ತಿಲ್ಲ, ತೊಂದರೆ ಇರುವುದೇ ಅಲ್ಲಿ.

"ಬೆಳಗಿಂದ ಕತ್ಲೆವರೆಗೆ ಅದ್ರ ಮುಂದೇ ಕುಂತ್ರೆ ಬಿಸಿ ಆಗ್ದೇ ಎಂತ ಆಗ್ತು?" ಎಂದು ಅವನು ಪೇಪರಿನ ಹಿಂದಿನಿಂದಲೇ ತೀರ್ಪು ಕೊಟ್ಟ.

ಪ್ರಿಯಂವದಾ ಅವನೊಡನೆ ವಾದಕ್ಕಿಳಿಯದೆ ತಾನೇ ಹುಡುಕಲು ಕೂತಳು. ಗಾಳಿ ಹೋಗುವ ಕಿಂಡಿಗಳನ್ನು ಬ್ರಷ್ಷಿನಿಂದ ತಿಕ್ಕಿದಳು. ಹಿಂದುಗಡೆ ಸುಮ್ಮನೆ ಓಡುತ್ತಿದ್ದ ಪ್ರೋಗ್ರಾಮುಗಳನ್ನೆಲ್ಲ ನಿಲ್ಲಿಸಿದಳು. ವೈರಸ್ ಹುಡುಕಿದಳು, ಇರಲಿಲ್ಲ. ಮಣೆಯ ಮೇಲಿಟ್ಟು ಮಧ್ಯಾಹ್ನವಿಡೀ ಕೆಲಸ ಮಾಡಿದಳು. ಬಿಸಿಯೂ ಇಲ್ಲ, ಗಿಸಿಯೂ ಇಲ್ಲ, ಬ್ಯಾಟರಿ ಚೆನ್ನಾಗಿಯೇ ಬಂತು. ರಾತ್ರಿ ಮಡಚಿ ಚೀಲಕ್ಕೆ ಹಾಕಿ ಮಾರನೇ ದಿನ ತೆಗೆದರೆ ಮತ್ತೆ ಅದೇ ಕಾವು, ಅದೇ ಖಾಲಿ ಬ್ಯಾಟರಿ.

"ಹೊರಗೆ ಇಟ್ರೆ ಎಂತದೂ ಆಗ್ತಿಲ್ಲೆ. ಮಡಚಿ ಚೀಲದಲ್ಲಿ ಇಟ್ರೆ ಮಾತ್ರ ಬಿಸಿ ಆಗ್ತು," ಎಂದು ಅವಳು ಗಂಡನಿಗೆ ಹೇಳಿದಳು.

"ನಿಂಗೆ ಅದೆಲ್ಲ ಗೊತ್ತಾಗ್ತಿಲ್ಲೆ. ನಡಿ, ಸಂಜಯಂಗೆ ತೋರ್ಸನ."

ಸಂಜಯನದು ಕುಮಟಾ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಪ್ರಿಯಂವದಾ ಎಲ್ಲವನ್ನೂ ಬಿಡಿಸಿ ಹೇಳಿದಳು, ಚೀಲದ ವಿಷಯವನ್ನು ಎರಡು ಸಲ ಹೇಳಿದಳು. ಸಂಜಯ ತಲೆಯಾಡಿಸುತ್ತ ಎಲ್ಲ ಕೇಳಿ, ಕೃಷ್ಣಾನಂದನ ಕಡೆಗೆ ತಿರುಗಿದ. "ಅಣ್ಣ, ಅಕ್ಕ ಹಾಸಿಗೆ ಮೇಲೆ ಇಟ್ಕಂಡು ಸೀರಿಯಲ್ ನೋಡ್ತಾರಾ?"

ಅವಳಿಗೆ ಅಂಗಡಿಯ ಸ್ಕ್ರೂಡ್ರೈವರನ್ನೇ ಎತ್ತಿ ಎಸೆಯಬೇಕೆನಿಸಿತು. ಮಾತಾಡುತ್ತಿರುವವಳು ತಾನು, ಲ್ಯಾಪ್‌ಟಾಪ್ ತನ್ನದು, ಪ್ರಶ್ನೆ ಮಾತ್ರ ಪಕ್ಕದಲ್ಲಿ ನಿಂತ ಕಂಬಕ್ಕೆ! ಕಂಬವೂ ಗಂಭೀರವಾಗಿ, "ನೋಡೂದೇ ಇಲ್ಲ ಅಂತ ಹೇಳೂಕೆ ಬರೂದಿಲ್ಲ," ಎಂದಿತು.

"ಹಾಗಾದ್ರೆ ಬ್ಯಾಟರಿ ಹೋಗಿದೆ. ಹೊಸತು ಹಾಕ್ಲಾ ಅಣ್ಣ?"

"ಹಾಕು," ಎಂದ ಕೃಷ್ಣಾನಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಬ್ಯಾಟರಿ ಸರಿಯಿದೆ, ಕೆಡುತ್ತಿರುವುದು ಬೇರೆ ಎಲ್ಲೋ ಎಂದು ಪ್ರಿಯಂವದಾ ಹೇಳುತ್ತಲೇ ಇದ್ದಳು. ಹೊಸ ಬ್ಯಾಟರಿ ಒಳಗೆ ಹೋಯಿತು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಮಾರನೇ ಬೆಳಿಗ್ಗೆ ಚೀಲಕ್ಕೆ ಕೈ ಹಾಕಿದರೆ ಹೊಸ ಬ್ಯಾಟರಿಯೂ ಖಾಲಿ.

"ಹಾಗಾದ್ರೆ ಮದರ್‌ಬೋರ್ಡ್ ಇರ್ಬೇಕು ಅಣ್ಣ," ಎಂದು ಸಂಜಯ ಫೋನಿನಲ್ಲಿ ಅಣ್ಣನಿಗೆ ಹೇಳಿದ. ಅಣ್ಣ ಅದನ್ನೇ ತನ್ನ ಮಾತೆಂಬಂತೆ ಅಡುಗೆಮನೆಗೆ ಬಂದು ಹೇಳಿದ. ಭಟ್ಕಳ ಕೈತಪ್ಪಿದಂತೆಯೇ ಎಂದು ಪ್ರಿಯಂವದಾಳಿಗೆ ಅಳು ಬಂತು. ಅತ್ತರೆ ಅದಕ್ಕೂ ಒಂದು ಕಾರಣ ಕಟ್ಟುತ್ತಾರೆ ಎಂದು ಅಳಲಿಲ್ಲ.

ಶನಿವಾರ ಸಂಜೆ ಮಳೆ ಹೊಯ್ದು ನಿಂತಿತ್ತು. ಅಂಗಳದ ಮಣ್ಣಿನಿಂದ ರೆಕ್ಕೆಯ ಗೆದ್ದಲು ಎದ್ದು, ದೀಪ ಕಂಡಲ್ಲಿಗೆ ಮುತ್ತುತ್ತಿತ್ತು. ಪ್ರಿಯಂವದಾ ಒಳಗೆ ಕಾಯಿ ತುರಿಯುತ್ತಿದ್ದಳು. ಜಗಲಿಯಲ್ಲಿ ಕೃಷ್ಣಾನಂದ ಎಂದಿನಂತೆ ಯಕ್ಷಗಾನ ತಾಳಮದ್ದಲೆಯ ಹಳೆಯ ರೆಕಾರ್ಡಿಂಗು ಹಚ್ಚಿಕೊಂಡು ಕೂತಿದ್ದ. ಕರ್ಕಿಯ ಕಡೆಯ ನೆಂಟರು ಅದೆಷ್ಟೋ ಪ್ರಸಂಗಗಳನ್ನು ಪೆನ್‌ಡ್ರೈವಿಗೆ ತುಂಬಿಸಿ ಕೊಟ್ಟಿದ್ದರು. ಸಂಜೆಯಾದರೆ ಹೆಂಡತಿಯ ಲ್ಯಾಪ್‌ಟಾಪಿಗೆ ಸ್ಪೀಕರ್ ಸಿಕ್ಕಿಸಿ ಕೇಳುವುದು ಅವನ ರೂಢಿ. ಅವಳಿಗೂ ಭಾಗವತರ ಪದ ಕೇಳುತ್ತ ಅಡುಗೆ ಮಾಡುವುದು ರೂಢಿಯಾಗಿತ್ತು. ಆದರೆ ಆ ಹೊತ್ತಿನಲ್ಲಿ ಜಗಲಿಗೆ ಬಂದು ನೋಡಿದವಳಲ್ಲ.

ಇವತ್ತು ಗೆದ್ದಲು ಒಳಗೆ ನುಗ್ಗುತ್ತದೆಂದು ಮುಂಬಾಗಿಲು ಹಾಕಲು ಬಂದಳು. ಲ್ಯಾಪ್‌ಟಾಪು ಮಡಚಿತ್ತು. ಪದ ನಡೆದೇ ಇತ್ತು.

ಅವಳು ಬಾಗಿಲು ಹಿಡಿದುಕೊಂಡೇ ನಿಂತಳು. "ಮುಚ್ಚಿದ್ರೂ ಇದು ಹೆಂಗೆ ಹಾಡ್ತಾ ಇದ್ದು?"

"ಹುಳ ಬತ್ತು ಅಲ್ದನೇ? ತೆರೆದಿಟ್ರೆ ಆ ಬೆಳಕಿಗೆ ಕೀಬೋರ್ಡ್ ತುಂಬ ರೆಕ್ಕೆ. ಮುಚ್ಚಿದ್ರೂ ನಿಲ್ದೇ ಇಪ್ಪ ಹಾಂಗೆ ಸಂಜಯ ಮಾಡ್ಕೊಟ್ಟಿದ್ದ," ಎಂದ ಕೃಷ್ಣಾನಂದ, ತನ್ನ ಜಾಣತನಕ್ಕೆ ತಾನೇ ಮೆಚ್ಚಿ.

"ಯಾವಾಗ?"

"ಮಳೆ ಹಿಡಿದ ವಾರ."

ಹೊನ್ನಾವರಕ್ಕೆ ಹೋಗುವ ಮೊದಲು! ಮಡಚಿದರೆ ನಿದ್ದೆ ಹೋಗಬೇಕಾದ ಯಂತ್ರಕ್ಕೆ ಇವರಿಬ್ಬರೂ ಸೇರಿ ನಿದ್ದೆಯನ್ನೇ ಕಿತ್ತುಕೊಂಡಿದ್ದರು. ಅವಳು ಪಾಪ, ಮಲಗಿದೆ ಎಂದುಕೊಂಡು ಚೀಲಕ್ಕೆ ಹಾಕುತ್ತಿದ್ದಳು. ಗಾಳಿಯಾಡದ ಚೀಲದಲ್ಲಿ ಅದು ರಾತ್ರಿಯಿಡೀ ಎಚ್ಚರವಿದ್ದು ಬೇಯುತ್ತಿತ್ತು. ಒಂದು ಮಾತು, ಒಂದೇ ಒಂದು ಮಾತು ಅವಳಿಗೆ ಹೇಳಿದ್ದರೆ ಸಾಕಿತ್ತು. ಮೊಸರು ತಿಂದ ಕೋತಿ ಮೇಕೆಯ ಮೂತಿಗೆ ಒರೆಸಿ, ಮೇಲಿಂದ ಮೇಕೆಗೇ ಬುದ್ಧಿ ಹೇಳುತ್ತ ಕೂತಿತ್ತಲ್ಲ!

ಅವಳು ಅಲ್ಲೇ ಸಂಜಯನಿಗೆ ಫೋನ್ ಹಚ್ಚಿದಳು. "ಮುಚ್ಚಿದ್ರೂ ನಿಲ್ಲದ ಹಾಗೆ ಮಾಡಿದವ ನೀನಾ?"

"ಹೌದಕ್ಕ. ಅಣ್ಣ ಹೇಳಿದ್ರು."

"ಚೀಲದಲ್ಲಿ ಇಟ್ರೆ ಮಾತ್ರ ಬಿಸಿ ಆಗ್ತದೆ ಅಂತ ನಾನು ಎರಡೆರಡು ಸಲ ಹೇಳ್ದೆ. ಆಗ ನೆನಪಾಗ್ಲಿಲ್ವಾ? ಬ್ಯಾಟರಿ ಯಾಕೆ ಹಾಕ್ದೆ?"

"ಅಣ್ಣ ಹಾಕು ಅಂದ್ರಲ್ಲ ಅಕ್ಕ."

ಅವಳು ಫೋನ್ ಇಟ್ಟು, ಸೆಟ್ಟಿಂಗ್ ತೆರೆದು ಮೊದಲಿದ್ದಂತೆ ಮಾಡಿದಳು. ಬ್ರಹ್ಮವಿದ್ಯೆಯೇನಲ್ಲ, ನಾಲ್ಕು ಸಲ ಒತ್ತಿದರೆ ಮುಗಿಯಿತು. ಚಾರ್ಜ್ ತುಂಬಿಸಿ, ಮಡಚಿ, ಚೀಲಕ್ಕೆ ಹಾಕಿದಳು. ಭಾನುವಾರ ಬೆಳಿಗ್ಗೆ ತೆಗೆದರೆ ಲ್ಯಾಪ್‌ಟಾಪು ತಣ್ಣಗಿತ್ತು. ಬ್ಯಾಟರಿ ಇಟ್ಟಂತೆಯೇ ಇತ್ತು. ಕೃಷ್ಣಾನಂದ ದೂರದಿಂದಲೇ ಇಣುಕಿ ನೋಡಿ, "ಆನು ಬೇಕಂತ ಮಾಡಿದ್ದಲ್ಲ," ಎಂದ. ತಪ್ಪಾಯಿತು ಎಂಬ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ.

ಪ್ರಿಯಂವದಾ ನಾಗಭೂಷಣನಿಗೆ ಫೋನ್ ಮಾಡಿ, ಕಾರಣ ಸಿಕ್ಕಿತು, ಸರಿ ಮಾಡಿದ್ದೇನೆ, ನಾಳೆ ಭಟ್ಕಳಕ್ಕೆ ಬರುತ್ತೇನೆ ಎಂದಳು. ಅವನು ರಾಗ ಎಳೆದ. "ಅಲ್ಲ ಮೇಡಂ, ಅಲ್ಲಿ ಮತ್ತೆ ಹಾಗೇ ಆದ್ರೆ ಕಷ್ಟ. ಶ್ರೀಧರ ಅವ್ರಿಗೆ ಹೇಳಿಟ್ಟಿದ್ದೇನೆ. ಒಂದು ಕೆಲಸ ಮಾಡಿ, ಯಜಮಾನ್ರಿಗೆ ಫೋನ್ ಕೊಡಿ. ಅವ್ರು ಗ್ಯಾರಂಟಿ ಅಂದ್ರೆ ಆತು."

ಯಜಮಾನರ ಗ್ಯಾರಂಟಿಯಂತೆ! ಆದರೂ ಸ್ಪೀಕರ್ ಹಾಕಿ ಫೋನನ್ನು ಗಂಡನ ಕೈಗೆ ಕೊಟ್ಟಳು. ಇನ್ನಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ ಎಂದು ಒಂದು ಕ್ಷಣ ನಂಬಿದಳು.

ಕೃಷ್ಣಾನಂದ ಗಂಟಲು ಸರಿಮಾಡಿಕೊಂಡ. "ನಮಸ್ಕಾರ ಸರ್. ಹಾಂ, ಈಗ ಎಲ್ಲ ಸರಿ ಆತು. ನಾನೇ ಅಂಗಡಿಗೆ ಒಯ್ದು ಹೊಸ ಬ್ಯಾಟರಿ ಹಾಕಿಸ್ದೆ. ಹೆಂಗಸ್ರು ಅಲ್ವಾ ಸರ್, ಸ್ವಲ್ಪ ನೋಡ್ಕಂಡು ಬಳಸು ಅಂತ ಅವ್ಳಿಗೂ ಹೇಳಿದ್ದೇನೆ."

ಪ್ರಿಯಂವದಾ ಅವನ ಕೈಯಿಂದ ಫೋನ್ ಕಸಿದುಕೊಂಡಳು.

"ಸರ್, ಬ್ಯಾಟರಿ ಮೊದಲೂ ಸರಿ ಇತ್ತು. ಮುಚ್ಚಿದ್ರೂ ನಿಲ್ಲದ ಹಾಗೆ ಸೆಟ್ಟಿಂಗ್ ಬದಲು ಮಾಡಿಸಿದವರು ಇವರು, ತಾಳಮದ್ದಲೆ ಕೇಳೂಕೆ. ನನಗೆ ಹೇಳ್ಲಿಲ್ಲ. ಹುಡುಕಿದವಳು ನಾನು, ಸರಿ ಮಾಡಿದವಳು ನಾನು. ನಾಳೆ ಭಟ್ಕಳದಲ್ಲಿ ಕಲಿಸೂದೂ ನಾನೇ. ಗ್ಯಾರಂಟಿ ಬೇಕಾದ್ರೆ ನನ್ನ ಹತ್ರ ಕೇಳಿ."

ಆ ಕಡೆ ನಾಗಭೂಷಣ ಕೆಮ್ಮಿದ. "ಆತು ಮೇಡಂ. ನೀವೇ ಬನ್ನಿ. ಶ್ರೀಧರ ಅವ್ರಿಗೆ ನಾನು ಹೇಳ್ತೇನೆ."

ಕೃಷ್ಣಾನಂದನ ಮುಖ ಸುಟ್ಟ ಬದನೆಕಾಯಿಯಾಗಿತ್ತು. "ಹೊರಗಿನವ್ರ ಮುಂದೆ ಗಂಡನ ಮಾನ ಹಿಂಗೆ ತೆಗಿತ್ವನೇ?"

"ಹೊನ್ನಾವರದಲ್ಲಿ ಆನು ಸಭೆ ತುಂಬ ಜನರ ಮುಂದೆ ನಿಂತಿದ್ದಿ," ಎಂದಳು ಪ್ರಿಯಂವದಾ. "ನಿಮ್ದು ಒಬ್ಬನ ಮುಂದೆ ಮಾತ್ರ ಹೋತು."