ಹನ್ನೊಂದನೆಯ ಅಧ್ಯಾಯ

“ಇಲ್ಲಿ ನೋಡಿ ಸಾರ್, ನೀವೇ ಬರ್ದಿರೋದು,” ಎಂದು ಮನೆಗೆ ಹುಡುಕಿಕೊಂಡು ಬಂದಿದ್ದ ನಿವೃತ್ತ ನರ್ಸಮ್ಮ ಪುಸ್ತಕ ಬಿಡಿಸಿ ಮುದುಕನ ಮೂಗಿನ ಹತ್ತಿರ ಹಿಡಿದಳು.

“ಮೂಗಿಗೆ ಹಿಡಿದ್ರೆ ವಾಸನೆ ಬರುತ್ತೆ ಅಷ್ಟೇ ತಾಯಿ, ಅಕ್ಷರ ಕಾಣಲ್ಲ. ಕಣ್ಣು ಹೋಗಿ ನಾಲ್ಕು ವರ್ಷ ಆಯ್ತು. ಓದಿ ಹೇಳಿ.”

ನರ್ಸಮ್ಮ ನಿಂತುಕೊಂಡೇ ಓದಿದಳು: “‘ಹನ್ನೊಂದನೆಯ ಅಧ್ಯಾಯ. ಈ ಕಂಪನಿಯಲ್ಲಿ ಇಟ್ಟ ಹಣ ಖಂಡಿತ ಸುರಕ್ಷಿತ. ನಿವೃತ್ತರು ಕಣ್ಣು ಮುಚ್ಚಿಕೊಂಡು ಇಡಬಹುದು.’”

ಮುದುಕ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಖಂಡಿತ! ನಲವತ್ತು ವರ್ಷ ಪತ್ರಿಕೆಯಲ್ಲಿ ದುಡಿದರೂ ಒಂದು ಸಲವೂ ಆ ಪದ ಬರೆದವನಲ್ಲ. ಸಗಟು ಮಾರುಕಟ್ಟೆಯ ದರಪಟ್ಟಿ ಬರೆಯಲು ಸೇರಿ, ವಾಣಿಜ್ಯ ಪುಟದ ಸಂಪಾದಕನಾಗಿ ನಿವೃತ್ತನಾದ ಮನುಷ್ಯ. ಕೈಕೆಳಗಿನವರ ವರದಿಯಲ್ಲಿ ‘ಖಂಡಿತ’ ಕಂಡರೆ, “ನಾಳೆ ಏನಾಗುತ್ತೆ ಅಂತ ನಿಮ್ಮಪ್ಪ ಹೇಳಿ ಹೋಗಿದ್ದಾನೇನೋ?” ಎಂದು ಕಾಗದವನ್ನು ಮುಖಕ್ಕೇ ಎಸೆಯುತ್ತಿದ್ದ. ಉಳಿಸಿದ ದುಡ್ಡನ್ನು ಎಲ್ಲಿ ಹೂಡಬೇಕು, ಎಲ್ಲಿ ಹೂಡಬಾರದು ಎಂದು ಸಂಬಳದವರಿಗಾಗಿ ಮೂರು ಪುಸ್ತಕ ಬರೆದ. ಮೊದಲನೆಯದು ಹದಿಮೂರು ಮುದ್ರಣ ಕಂಡಿತ್ತು, ನರ್ಸಮ್ಮನ ಕೈಯಲ್ಲಿರುವುದು ಅದರ ಹದಿನಾಲ್ಕನೆಯದು. ಯಾವ ಕಂಪನಿಯಿಂದಲೂ ಹೊಸ ವರ್ಷದ ಡೈರಿ ಕೂಡ ಮುಟ್ಟಿದವನಲ್ಲ.

“ನಾನು ಬರ್ದಿದ್ದು ಹತ್ತೇ ಅಧ್ಯಾಯ,” ಅಂದ.

“ಹಂಗಂತ ನೀವು ಹೇಳ್ತೀರಿ. ಮೂವತ್ತೆರಡು ವರ್ಷ ರೋಗಿಗಳ ಬೆಡ್‌ಪ್ಯಾನ್ ಎತ್ತಿದ ದುಡ್ಡು ಸಾರ್ ನಂದು. ಎರಡು ತಿಂಗಳಿಂದ ಬಡ್ಡಿ ಇಲ್ಲ, ಅಸಲು ಕೇಳಿದ್ರೆ ನಾಳೆ ಬನ್ನಿ ಅಂತಾರೆ. ಬೆಳಿಗ್ಗೆ ಹೋದ್ರೆ, ನಿಮ್ಮ ಪುಸ್ತಕ ಹಿಡ್ಕೊಂಡು ಇನ್ನೂ ಜನ ದುಡ್ಡು ಕಟ್ಟೋಕೆ ಸಾಲಲ್ಲಿ ನಿಂತಿದ್ದಾರೆ! ನಿಮ್ದಲ್ಲ ಅಂದ್ರೆ ಪೇಪರಲ್ಲಿ ಬರೀರಿ. ನಾಳೆ ನಿಮ್ಮ ಅಂಕಣ ಬರೋ ದಿನ ತಾನೆ?”

ಅವಳಿಂದಲೇ ನಂಬರು ಒತ್ತಿಸಿ ಪ್ರಕಾಶಕನಿಗೆ ಫೋನು ಮಾಡಿದ. ಮೂವತ್ತು ವರ್ಷದ ಗೆಳೆಯ.

“ಗುರುವೇ, ನನ್ನ ಮೇಲ್ಯಾಕೆ ಹಾರಾಡ್ತೀಯ?” ಅಂದ ಅವನು. “ಆ ಕಂಪನಿಯೋರು ಅಚ್ಚಿನ ಖರ್ಚು ಕೊಟ್ರು, ಒಂದು ಅಧ್ಯಾಯ ಸೇರಿಸಿದ್ವಿ. ಪ್ರೂಫ್ ನಿನ್ನ ಮನೆಗೇ ಬಂದಿತ್ತು. ಪುಟಪುಟಕ್ಕೂ ನಿನ್ನ ಸಹಿ ಇದೆ. ಓದಿದೋರನ್ನ ಕೇಳು.”

ಓದಿದವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಹೋದಮೇಲೆ ಅವನಿಗೆ ಪ್ರೂಫು, ಪತ್ರಿಕೆ, ಔಷಧಿ ಚೀಟಿ ಎಲ್ಲವನ್ನೂ ಹೆಂಡತಿಯೇ ಓದುತ್ತಿದ್ದಳು. ಅವನು ಹೇಳಿದ ಅಂಕಣ ಬರೆದುಕೊಳ್ಳುವವಳೂ ಅವಳೇ. ಪ್ರೂಫ್ ಓದುವಾಗ ಅಲ್ಪವಿರಾಮ, ಪೂರ್ಣವಿರಾಮ ಎಂದು ಚುಕ್ಕಿ ಕೂಡ ಬಿಡುತ್ತಿರಲಿಲ್ಲ.

“ಇವಳೇ, ಹನ್ನೊಂದನೇ ಅಧ್ಯಾಯ ಓದಿದ್ಯಾ?”

“ನಾನು ಓದ್ಕೊಂಡೆ. ನಿಮಗೆ ಓದ್ಲಿಲ್ಲ.”

“ಸಹಿ?”

“ಪರಿವಿಡಿ ಹಾಳೆಗಳ ಜೊತೆ ಸೇರಿಸಿ ಕೊಟ್ಟೆ. ನೀವು ಹಾಕ್ತಾ ಹೋದ್ರಿ.”

“ಎಷ್ಟು ತಗೊಂಡೆ?”

“ಥೂ! ಬಿಡಿಗಾಸು ಮುಟ್ಟಿದ್ರೆ ಕೇಳಿ. ಅದನ್ನ ಸೇರಿಸ್ದೆ ಇದ್ರೆ ಪುಸ್ತಕ ಇನ್ನು ಅಚ್ಚು ಹಾಕಲ್ಲ ಅಂದ್ರು ನಿಮ್ಮ ಗೆಳೆಯರು. ಆಗ ನೀವು ಹೆಂಗಿದ್ರಿ ನೆನಪಿದ್ಯಾ? ಮೂರು ತಿಂಗಳು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ರಿ. ಪ್ರೂಫ್ ಬಂತು ಅಂದ್ಮೇಲೆ ಎದ್ದು ಗಡ್ಡ ಬೋಳಿಸ್ಕೊಂಡ್ರಿ.”

“ಮಲಗಿದೋನು ಸಾಯ್ತಿದ್ದೆ, ಅಷ್ಟೇ ತಾನೆ? ಸಾಯಕ್ಕೆ ಬಿಡಬೇಕಿತ್ತು ಕಣೇ!” ಮುದುಕನ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು.

“ನೀವಿಬ್ರೂ ಜಗಳ ಆಮೇಲೆ ಆಡ್ಕೊಳ್ಳಿ ಸಾರ್,” ಅಂದಳು ನರ್ಸಮ್ಮ. “ನಾಳೆ ಹತ್ತು ಗಂಟೆಗೆ ಅವರು ಮತ್ತೆ ಕೌಂಟರ್ ತೆಗೀತಾರೆ.”

ಮುದುಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ, ಅಭ್ಯಾಸ ಬಲದಿಂದಲೋ ಏನೋ, “ಕಾಗದ ತಗೋ,” ಎಂದು ಹೆಂಡತಿಗೇ ಹೇಳಿದ.

‘ನನ್ನ ಪುಸ್ತಕದ ಹದಿನಾಲ್ಕನೆಯ ಮುದ್ರಣದಲ್ಲಿರುವ ಹನ್ನೊಂದನೆಯ ಅಧ್ಯಾಯ ನಾನು ಬರೆದದ್ದಲ್ಲ. ಅದರಲ್ಲಿ ಹೇಳಿರುವ ಕಂಪನಿಯಲ್ಲಿ ಹಣ ಇಡಬೇಡಿ. ಪ್ರಕಾಶಕ ಅವರಿಂದ ಹಣ ಪಡೆದು ಅದನ್ನು ಸೇರಿಸಿದ. ನನ್ನ ಹೆಂಡತಿ ಗೊತ್ತಿದ್ದೂ ನನ್ನಿಂದ ಮುಚ್ಚಿಟ್ಟಳು. ನಾನು ಓದಿಸಿಕೊಳ್ಳದೆ ಸಹಿ ಹಾಕಿದೆ. ಪುಸ್ತಕ ನಂಬಿ ದುಡ್ಡು ಕಟ್ಟಿದವರ ಮುಂದೆ ನಾನು ತಪ್ಪಿತಸ್ಥ.’

ಪೆನ್ನಿನ ಸದ್ದು ಒಂದು ಕಡೆ ನಿಂತು ಮತ್ತೆ ಶುರುವಾಯಿತು. ಮುಗಿದಮೇಲೆ ಓದಿ ಹೇಳಲು ಅವಳು ಗಂಟಲು ಸರಿಮಾಡಿಕೊಂಡಳು.

“ನೀನು ಬೇಡ. ಅವರ ಕೈಗೆ ಕೊಡು.”

ಅವಳು ಕೊಟ್ಟಳು. ನರ್ಸಮ್ಮ ಓದುತ್ತಾ ಹೋದವಳು ‘ನನ್ನ ಹೆಂಡತಿ’ ಎಂಬಲ್ಲಿ ತಡೆದು ತಲೆಯೆತ್ತಿದಳು.

“ಓದಿ. ಪೂರ್ತಿ ಬರ್ದಿದೀನಿ,” ಅಂದಳು ಹೆಂಡತಿ. ನರ್ಸಮ್ಮ ಪೂರ್ತಿ ಓದಿದಳು.

ಮುದುಕ ಪೆನ್ನಿಗಾಗಿ ಮೇಜು ತಡಕಿದ. ಅವನ ಬೆರಳು ಹಿಡಿದು ಸಹಿಯ ಜಾಗದಲ್ಲಿ ಇಡಲು ಹೆಂಡತಿ ಕೈ ಮುಂದೆ ತಂದಳು. ಅವನು ಬೆರಳು ಮಡಚಿಕೊಂಡ. ಅಂದಾಜಿನ ಮೇಲೆ ತಾನೇ ಸಹಿ ಎಳೆದ. ಅದು ಅವನು ತನ್ನ ತಪ್ಪು ಒಪ್ಪಿಕೊಂಡಿದ್ದ ಕೊನೆಯ ಎರಡು ಸಾಲುಗಳ ಮೇಲೆ ಅಡ್ಡ ಬಿದ್ದು, ಶಾಯಿ ಕಲಸಿ ಅವು ಓದಲು ಬಾರದಂತಾದವು. ಇಬ್ಬರು ಹೆಂಗಸರೂ ನೋಡಿದರು. ಸಾಲು ಕಲಸಿದ್ದನ್ನು ಅವನಿಗೆ ಯಾರೂ ಹೇಳಲಿಲ್ಲ.